ಪೋರ್ಟ್ ಬ್ಲೇರ್‌ನಿಂದ ಅಗತ್ತಿಗೆ ವಿಮಾನದಲ್ಲಿ: ದೂರ ಎಷ್ಟು, ಹೊತ್ತು ಎಷ್ಟು? ಪದೇ ಪದೇ ಕೇಳುವ ಪ್ರಶ್ನೆಗಳು

ಅಂಡಮಾನ್ ನೋಡಿ ಬಂದವರು ಮುಂದಿನ ಮಾತಿಗೆ ಲಕ್ಷದ್ವೀಪ ಎತ್ತುತ್ತಾರೆ. ಅಂಡಮಾನಿನ ವಿಮಾನ ನಿಲ್ದಾಣ ಇರುವುದು ಪೋರ್ಟ್ ಬ್ಲೇರ್‌ನಲ್ಲಿ, ಲಕ್ಷದ್ವೀಪದ್ದು ಅಗತ್ತಿ ಅನ್ನುವ ದ್ವೀಪದಲ್ಲಿ. ಕೆಲವರಿಗೆ ಎರಡನ್ನೂ ಒಂದೇ ರಜೆಯಲ್ಲಿ ಮುಗಿಸುವ ಆಸೆ. ಇನ್ನು ಕೆಲವರಿಗೆ ಕೆಲಸದ ಮೇಲೆ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗಬೇಕಾಗುತ್ತದೆ. ಅವರೆಲ್ಲ ಮಾತಿನಲ್ಲಿ, ಪತ್ರದಲ್ಲಿ, ಕಾಮೆಂಟಿನಲ್ಲಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ದೂರದ ಅಂಕಿಗಳನ್ನು ವಿಮಾನ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಹಿಡಿದು ಲೆಕ್ಕ ಹಾಕಿದ್ದೇನೆ. ಮೂರ್ನಾಲ್ಕು ಕಿಮೀ ಆಚೀಚೆ ಆಗಬಹುದು. ವಿಮಾನಗಳ ವೇಳಾಪಟ್ಟಿ ಮಾತ್ರ ಮಾರ್ಚ್ ಕೊನೆಗೆ ಒಮ್ಮೆ, ಅಕ್ಟೋಬರ್ ಕೊನೆಗೆ ಒಮ್ಮೆ ಬದಲಾಗುತ್ತದೆ. ಟಿಕೆಟ್ ಮಾಡುವ ಮೊದಲು ಅದನ್ನು ಹೊಸದಾಗಿ ನೋಡಿಕೊಳ್ಳಿ.

## ಮೊದಲು ತಿಳಿಯಬೇಕಾದದ್ದು

ಪೋರ್ಟ್ ಬ್ಲೇರ್‌ನಿಂದ ಅಗತ್ತಿಗೆ ವಿಮಾನದಲ್ಲಿ ಎಷ್ಟು ಕಿಲೋಮೀಟರ್ ಆಗುತ್ತೆ?

ನೇರ ಗೆರೆಯಲ್ಲಿ ಸುಮಾರು 2,245 ಕಿಮೀ. ಬೆಂಗಳೂರಿನಿಂದ ಶ್ರೀನಗರಕ್ಕೆ ಹಾರುವ ದೂರಕ್ಕಿಂತ ಇದು ಸ್ವಲ್ಪವೇ ಕಡಿಮೆ. ಒಂದು ನಿಲ್ದಾಣ ಬಂಗಾಳ ಕೊಲ್ಲಿಯ ಪೂರ್ವದ ಅಂಚಿನಲ್ಲಿದೆ, ಇನ್ನೊಂದು ಅರಬ್ಬೀ ಸಮುದ್ರದ ಕಡೆ ಇದೆ. ನಡುವೆ ಇಡೀ ದಕ್ಷಿಣ ಭಾರತ ಇದೆ. ಎರಡೂ ಕೇಂದ್ರಾಡಳಿತ ಪ್ರದೇಶಗಳೇ, ಎರಡೂ ದ್ವೀಪಗಳೇ. ಅದಕ್ಕೇ ಪಕ್ಕಪಕ್ಕ ಇವೆ ಅನ್ನುವ ಭಾವನೆ ಹಲವರಿಗಿದೆ. ಪೋರ್ಟ್ ಬ್ಲೇರ್‌ಗೆ ಥಾಯ್ಲೆಂಡಿನ ಫುಕೆಟ್ ಸುಮಾರು 725 ಕಿಮೀ, ನಮ್ಮ ಚೆನ್ನೈ 1,370 ಕಿಮೀ. ಅಗತ್ತಿಯಿಂದ ಮಾಲ್ಡೀವ್ಸ್‌ನ ಮಾಲೆ 750 ಕಿಮೀ. ಈ ಅಂಕಿಗಳನ್ನು ನೋಡಿದರೆ ಇವೆರಡೂ ಎಷ್ಟು ದೂರ ದೂರ ಇವೆ ಅನ್ನುವುದು ತಿಳಿಯುತ್ತದೆ.

ಡೈರೆಕ್ಟ್ ಫ್ಲೈಟ್ ಇದೆಯಾ?

ಇಲ್ಲ. ಮುಖ್ಯಭೂಮಿಯಲ್ಲಿ ಇಳಿದು ಇನ್ನೊಂದು ವಿಮಾನ ಹಿಡಿಯಲೇಬೇಕು. ಇದಕ್ಕೆ ಗಟ್ಟಿಯಾದ ಕಾರಣ ಇದೆ, ಕೆಳಗೆ ಬಿಡಿಸಿ ಹೇಳಿದ್ದೇನೆ.

ಇಂಟರ್ನೆಟ್ಟಲ್ಲಿ ಮೂರು ಗಂಟೆ ಅಂತ ತೋರಿಸುತ್ತಲ್ಲ, ಅದು ಸುಳ್ಳಾ?

ಸುಳ್ಳಲ್ಲ. ಆದರೆ ಆ ಅಂಕಿ ನಂಬಿ ಪ್ರಯಾಣ ಹೊಂದಿಸಲು ಆಗುವುದಿಲ್ಲ. ದೂರ ತೋರಿಸುವ ಸೈಟುಗಳು ಎರಡು ನಿಲ್ದಾಣಗಳ ನಡುವೆ ಒಂದು ಗೆರೆ ಎಳೆಯುತ್ತವೆ. ಅದನ್ನು ಜೆಟ್ ವಿಮಾನದ ವೇಗದಿಂದ, ಅಂದರೆ ಗಂಟೆಗೆ 800 ಕಿಮೀಗಿಂತ ಸ್ವಲ್ಪ ಜಾಸ್ತಿ ವೇಗದಿಂದ, ಭಾಗಿಸುತ್ತವೆ. ಏರುವುದಕ್ಕೆ, ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸುತ್ತವೆ. ಮೂರು ಗಂಟೆ ಚಿಲ್ಲರೆ ಬರುತ್ತದೆ. ಆ ಹಾದಿಯಲ್ಲಿ ವಿಮಾನ ಓಡುತ್ತದೆಯೋ ಇಲ್ಲವೋ ಅನ್ನುವುದನ್ನು ಅವು ನೋಡುವುದಿಲ್ಲ. ಅಗತ್ತಿಯಲ್ಲಿ ಜೆಟ್ ಇಳಿಯಬಹುದೇ ಅನ್ನುವುದನ್ನೂ ನೋಡುವುದಿಲ್ಲ. ಈ ಮೂರು ಗಂಟೆ ನಂಬಿಕೊಂಡು ಹೋಟೆಲ್ ಬುಕ್ ಮಾಡಿ ಕಷ್ಟಪಟ್ಟವರು ಬರೆದ ಪತ್ರಗಳೇ ಈ ಪಟ್ಟಿ ಮಾಡಲು ಮುಖ್ಯ ಕಾರಣ.

ಹಾಗಾದ್ರೆ ನಿಜವಾಗಿ ಎಷ್ಟು ಹೊತ್ತು ಇಟ್ಟುಕೊಳ್ಳಬೇಕು?

ಪೋರ್ಟ್ ಬ್ಲೇರ್‌ನ ಹೋಟೆಲ್ ಬಿಟ್ಟು ಅಗತ್ತಿಯ ನೆಲ ಮುಟ್ಟಲು ಒಂದು ಪೂರ್ತಿ ದಿನ, ನಡುವೆ ಮುಖ್ಯಭೂಮಿಯಲ್ಲಿ ಒಂದು ರಾತ್ರಿ. ನಾನು ಎಲ್ಲರಿಗೂ ಹೇಳುವುದು ಇದನ್ನೇ.

ಬೆಂಗಳೂರಿನ ಹಾದಿ ನೋಡೋಣ. ಪೋರ್ಟ್ ಬ್ಲೇರ್‌ನಿಂದ ಬೆಂಗಳೂರಿಗೆ ಎರಡೂವರೆಯಿಂದ ಎರಡೂಮುಕ್ಕಾಲು ಗಂಟೆ. ಬೆಂಗಳೂರಿನಿಂದ ಅಗತ್ತಿಗೆ ಚಿಕ್ಕ ವಿಮಾನದಲ್ಲಿ ಒಂದೂಮುಕ್ಕಾಲರಿಂದ ಎರಡು ಗಂಟೆ. ಆಕಾಶದಲ್ಲಿ ಕಳೆಯುವುದು ಒಟ್ಟು ನಾಲ್ಕೂವರೆ ಗಂಟೆಯಷ್ಟೇ. ಉಳಿದದ್ದೆಲ್ಲ ಕಾಯುವ ಹೊತ್ತು. ನಿಮ್ಮ ಪ್ರಯಾಣ ಎಷ್ಟು ಉದ್ದ ಅನ್ನುವುದನ್ನು ನಡುವಿನ ಆ ಕಾಯುವ ಹೊತ್ತೇ ತೀರ್ಮಾನಿಸುತ್ತದೆ.

ಪೋರ್ಟ್ ಬ್ಲೇರ್ ಹೆಸರು ಬದಲಾಗಿದೆ ಅಂತಾರೆ. ಟಿಕೆಟ್ ಹುಡುಕುವಾಗ ಏನು ಹಾಕಬೇಕು?

2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಊರಿಗೆ ಶ್ರೀ ವಿಜಯ ಪುರಂ ಅಂತ ಹೆಸರಿಟ್ಟಿತು. ನಿಲ್ದಾಣದ ಹೆಸರು ವೀರ ಸಾವರ್ಕರ್ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ. ಶಂಖದ ಆಕಾರದ ಅದರ ಹೊಸ ಟರ್ಮಿನಲ್ 2023ರ ಜುಲೈನಲ್ಲಿ ಉದ್ಘಾಟನೆಯಾಯಿತು. ಗೊಂದಲ ಬೇಡ ಅಂದರೆ ಮೂರಕ್ಷರದ ಕೋಡ್ ಹಾಕಿ: ಪೋರ್ಟ್ ಬ್ಲೇರ್‌ಗೆ ಐಎಕ್ಸ್‌ಝೆಡ್, ಅಗತ್ತಿಗೆ ಎಜಿಎಕ್ಸ್. ಜನರ ಬಾಯಲ್ಲಿ ಇರುವುದು ಹಳೆಯ ಹೆಸರೇ ಆದ್ದರಿಂದ ಇಲ್ಲಿ ಪೋರ್ಟ್ ಬ್ಲೇರ್ ಅಂತಲೇ ಬರೆದಿದ್ದೇನೆ.

ಎರಡೂ ಕಡೆ ಗಡಿಯಾರ ಒಂದೇನಾ? ಹೊತ್ತು ಬದಲಾಯಿಸಬೇಕಾ?

ಗಡಿಯಾರ ಒಂದೇ, ಮುಟ್ಟುವುದೇ ಬೇಡ. ಸೂರ್ಯ ಮಾತ್ರ ಒಂದೇ ಹೊತ್ತಿಗೆ ಬರುವುದಿಲ್ಲ. ಎರಡು ನಿಲ್ದಾಣಗಳ ನಡುವೆ ರೇಖಾಂಶದಲ್ಲಿ ಇಪ್ಪತ್ತೂವರೆ ಡಿಗ್ರಿ ಅಂತರ ಇದೆ. ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಹಾಗಾಗಿ ಪೋರ್ಟ್ ಬ್ಲೇರ್‌ನಲ್ಲಿ ಸೂರ್ಯ ಅಗತ್ತಿಗಿಂತ ಸುಮಾರು 82 ನಿಮಿಷ ಮುಂದೆ. ಮಾರ್ಚ್ ಕೊನೆಯಲ್ಲಿ ಪೋರ್ಟ್ ಬ್ಲೇರ್‌ನಲ್ಲಿ ಸಂಜೆ ಐದೂವರೆಗೆ ಸೂರ್ಯ ಮುಳುಗಿರುತ್ತಾನೆ. ಅಗತ್ತಿಯಲ್ಲಿ ಏಳಕ್ಕೆ ಹತ್ತು ನಿಮಿಷ ಇರುವವರೆಗೂ ಬೆಳಕಿರುತ್ತದೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದ ಸಂಗತಿ ಒಂದಿದೆ. ಭಾರತದ ಕಾಲಮಾನ ನಿಂತಿರುವುದು 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ, ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ ಗೆರೆ ಅದು. ಪೋರ್ಟ್ ಬ್ಲೇರ್ ಇರುವುದು 92.73ರಲ್ಲಿ, ಅಗತ್ತಿ 72.18ರಲ್ಲಿ. ಕೂಡಿಸಿ ಎರಡರಿಂದ ಭಾಗಿಸಿ ನೋಡಿ. 82.45 ಬರುತ್ತದೆ! ಒಂದು ದ್ವೀಪ ದೇಶದ ಗಡಿಯಾರಕ್ಕಿಂತ ನಲವತ್ತು ನಿಮಿಷ ಮುಂದೆ, ಇನ್ನೊಂದು ಅಷ್ಟೇ ಹಿಂದೆ.

## ಹಾದಿ, ಟಿಕೆಟ್, ಪರ್ಮಿಟ್

ಬೆಂಗಳೂರು, ಕೊಚ್ಚಿ, ಚೆನ್ನೈ, ಯಾವುದರ ಮೇಲೆ ಹೋದ್ರೆ ಹತ್ತಿರ?

ದೂರದ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವೇ ಇಲ್ಲ. ಪೋರ್ಟ್ ಬ್ಲೇರ್‌ನಿಂದ ಬೆಂಗಳೂರು 1,640 ಕಿಮೀ, ಅಲ್ಲಿಂದ ಅಗತ್ತಿ 657 ಕಿಮೀ. ಒಟ್ಟು 2,297. ಇಲ್ಲದ ನೇರ ವಿಮಾನಕ್ಕಿಂತ ಐವತ್ತು ಕಿಮೀ ಮಾತ್ರ ಜಾಸ್ತಿ. ಕೊಚ್ಚಿಯ ಮೇಲೆ ಲೆಕ್ಕ ಹಾಕಿದರೆ 1,790ಕ್ಕೆ 468 ಸೇರಿ 2,258. ಚೆನ್ನೈ ಮತ್ತು ಕೊಚ್ಚಿ ಎರಡನ್ನೂ ಮುಟ್ಟಿಕೊಂಡು ಹೋದರೂ 2,360ರ ಸುತ್ತಮುತ್ತ. ಅಂದರೆ ಸುತ್ತು ಬಳಸಿ ಹೋಗುತ್ತಿದ್ದೇವೆ ಅಂತ ಬೇಸರ ಪಡುವ ಅಗತ್ಯವೇ ಇಲ್ಲ.

ಆಯ್ಕೆ ಮಾಡಬೇಕಾದದ್ದು ಎಷ್ಟು ಸಲ ಇಳಿದು ಹತ್ತಬೇಕು, ಮರುದಿನದ ವಿಮಾನ ಎಷ್ಟು ಹೊತ್ತಿಗೆ ಅನ್ನುವುದರ ಮೇಲೆ. ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಶುರುವಾದದ್ದು 2024ರ ಮಾರ್ಚ್ 31ರಂದು, ಇಂಡಿಗೋ ಸಂಸ್ಥೆಯಿಂದ. ಅದಕ್ಕೂ ಮೊದಲು ಕೊಚ್ಚಿಯೇ ಹೆಬ್ಬಾಗಿಲಾಗಿತ್ತು. ಬೆಂಗಳೂರಿನ ವಿಮಾನ ನಿಮ್ಮ ದಿನಕ್ಕೆ ಹೊಂದಿದರೆ ಅದನ್ನೇ ಹಿಡಿಯಿರಿ, ಒಂದೇ ಕಡೆ ಇಳಿದು ಹತ್ತಿದರೆ ಮುಗಿಯಿತು. ಹೊಂದದಿದ್ದರೆ ಕೊಚ್ಚಿ.

ಬೆಳಿಗ್ಗೆ ಬೇಗ ಹೊರಟರೆ ಒಂದೇ ದಿನದಲ್ಲಿ ಮುಗಿಸೋಕೆ ಆಗಲ್ವಾ?

ವೇಳಾಪಟ್ಟಿ ಸರಿಯಾಗಿ ಕೂಡಿಬಂದರೆ ಕಾಗದದ ಮೇಲೆ ಆಗಬಹುದು. ಆದರೂ ಬೇಡ ಅಂತಲೇ ನನ್ನ ಸಲಹೆ.

ಅಗತ್ತಿಯಲ್ಲಿ ವಿಮಾನಗಳು ಹಗಲಲ್ಲೇ ಬಂದು ಹಗಲಲ್ಲೇ ಹೊರಡುತ್ತವೆ. ಹೆಚ್ಚಿನವು ಬೆಳಿಗ್ಗೆ ಮುಖ್ಯಭೂಮಿಯಿಂದ ಹೊರಟು ಮಧ್ಯಾಹ್ನದ ಹೊತ್ತಿಗೆ ವಾಪಸ್ ಬಂದುಬಿಡುತ್ತವೆ. ಪೋರ್ಟ್ ಬ್ಲೇರ್‌ನಲ್ಲೂ ಓಡಾಟ ಹೆಚ್ಚು ಇರುವುದು ಬೆಳಿಗ್ಗೆ ಮತ್ತು ಮಧ್ಯಾಹ್ನವೇ. ಅಲ್ಲಿನ ರನ್‌ವೇ ನೌಕಾಪಡೆಯ ಐಎನ್‌ಎಸ್ ಉತ್ಕ್ರೋಶ್ ನೆಲೆಗೆ ಸೇರಿದ್ದು, ನಾಗರಿಕ ವಿಮಾನಗಳು ಅದನ್ನು ಹಂಚಿಕೊಂಡು ಬಳಸುತ್ತವೆ. ನೀವು ಪೋರ್ಟ್ ಬ್ಲೇರ್‌ನಿಂದ ಹೊರಟು ಬೆಂಗಳೂರು ಸೇರುವ ಹೊತ್ತಿಗೆ ಅಗತ್ತಿಯ ವಿಮಾನ ಹೋಗಿರುತ್ತದೆ. ವಾಪಸ್ ಬರುವಾಗಲೂ ಇದೇ ಕಥೆ. ಅಗತ್ತಿಯಿಂದ ಮಧ್ಯಾಹ್ನ ಬಂದಿಳಿದರೆ ಪೋರ್ಟ್ ಬ್ಲೇರ್‌ಗೆ ಮರುದಿನ ಬೆಳಗಿನ ಜಾವವೇ ಗತಿ.

ಹೊತ್ತು ಕೂಡಿಬಂದರೂ ಅಂತರ ಚಿಕ್ಕದಿರುತ್ತದೆ. ಮಳೆಗೋ ಗಾಳಿಗೋ ಮೊದಲ ವಿಮಾನ ಒಂದು ಗಂಟೆ ತಡವಾದರೂ ಎರಡನೆಯದು ಕೈತಪ್ಪುತ್ತದೆ. ದೊಡ್ಡ ಊರಿಗಾದರೆ ಸಂಜೆಗೆ ಇನ್ನೊಂದು ವಿಮಾನ ಸಿಗುತ್ತದೆ. ಅಗತ್ತಿಗೆ ಹಾಗಲ್ಲ, ಮುಂದಿನ ಸೀಟು ಯಾವಾಗ ಸಿಗುತ್ತದೋ ಹೇಳಲಾಗದು.

ಎರಡು ಟಿಕೆಟ್ ಬೇರೆ ಬೇರೆ ತಗೊಂಡ್ರೆ ಕಡಿಮೆ ಆಗುತ್ತೆ. ತಗೊಳ್ಳಬಹುದಾ?

ನಡುವೆ ರಾತ್ರಿ ಉಳಿಯುತ್ತೀರಾದರೆ ಧಾರಾಳವಾಗಿ ತಗೊಳ್ಳಿ. ಅದೇ ದಿನ ಬದಲಾಯಿಸುವವರು ಒಂದೇ ಪಿಎನ್‌ಆರ್ ಇರುವ ಟಿಕೆಟ್ ಮಾಡಿಸಿ. ಒಂದೇ ಟಿಕೆಟ್ ಆಗಿದ್ದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಮುಂದಿನ ವ್ಯವಸ್ಥೆ ವಿಮಾನ ಸಂಸ್ಥೆಯದು. ಬೇರೆ ಬೇರೆ ಟಿಕೆಟ್ ಆದರೆ ಎರಡನೇ ಸಂಸ್ಥೆಯ ಕಣ್ಣಿಗೆ ನೀವು ಬರದೇ ಹೋದ ಪ್ರಯಾಣಿಕ, ಅಷ್ಟೇ. ದುಡ್ಡೂ ಹೋಗುತ್ತದೆ, ಸೀಟೂ ಹೋಗುತ್ತದೆ. ಲಗೇಜನ್ನೂ ನೀವೇ ಇಳಿಸಿಕೊಂಡು ಮತ್ತೆ ಚೆಕ್-ಇನ್ ಮಾಡಬೇಕು. ಬೆಂಗಳೂರಿನಲ್ಲಿ ಎರಡು ಟರ್ಮಿನಲ್ ಇವೆ. ಯಾವ ವಿಮಾನ ಯಾವುದರಿಂದ ಅಂತ ಮೊದಲೇ ನೋಡಿಕೊಂಡಿರಿ.

ಪರ್ಮಿಟ್ ಬೇಕಾ? ನಾವು ಭಾರತೀಯರೇ ಅಲ್ವಾ?

ಪೋರ್ಟ್ ಬ್ಲೇರ್‌ಗೆ ಭಾರತೀಯರಿಗೆ ಬೇಡ. ಅಂಡಮಾನಿನಲ್ಲಿ ಬುಡಕಟ್ಟು ಜನರಿಗೆ ಮೀಸಲಾದ ಪ್ರದೇಶಗಳಿಗೆ ಮಾತ್ರ ಪ್ರವೇಶವಿಲ್ಲ. ಲಕ್ಷದ್ವೀಪಕ್ಕೆ ಮಾತ್ರ ಭಾರತೀಯರಿಗೂ ಪ್ರವೇಶ ಪರವಾನಗಿ ಬೇಕೇ ಬೇಕು. ಈ ನಿಯಮ 1967ರದು. ಅಲ್ಲಿನ ಮೂಲ ನಿವಾಸಿಗಳ ಬದುಕು, ಅಷ್ಟು ಚಿಕ್ಕ ನೆಲದ ಮೇಲಿನ ಒತ್ತಡ ನೋಡಿದರೆ ನನಗೆ ಈ ನಿಯಮ ಸರಿ ಅನಿಸುತ್ತದೆ. ಅರ್ಜಿಯನ್ನು ಆನ್‌ಲೈನ್‌ನಲ್ಲೇ ಹಾಕಬಹುದು.

ಎರಡು ದ್ವೀಪ ಸೇರಿಸಿ ಪ್ರವಾಸ ಮಾಡುವವರಿಗೆ ಇದು ಮುಖ್ಯ. ಯಾಕೆಂದರೆ ಪರ್ಮಿಟ್ ಇಲ್ಲದೆ ಅಗತ್ತಿಯ ವಿಮಾನಕ್ಕೆ ಹತ್ತಿಸಿಕೊಳ್ಳುವುದಿಲ್ಲ. ಅಂಡಮಾನಿಗೆ ಹೊರಟ ಮೇಲೆ ಅರ್ಜಿ ಹಾಕುತ್ತೇನೆ ಅಂದುಕೊಳ್ಳಬೇಡಿ. ಕೈಯಲ್ಲಿ ಪರ್ಮಿಟ್ ಬಂದ ಮೇಲೆ ಊರಿಂದ ಹೊರಡಿ, ಅದರ ಒಂದು ಪ್ರತಿಯನ್ನು ಕಾಗದದಲ್ಲೂ ಇಟ್ಟುಕೊಳ್ಳಿ. ವಿದೇಶದ ಪಾಸ್‌ಪೋರ್ಟ್ ಇರುವ ಕನ್ನಡಿಗರಿಗೆ ನಿಯಮ ಬೇರೆ. ಲಕ್ಷದ್ವೀಪದ ಎಲ್ಲ ದ್ವೀಪಗಳಿಗೂ ಅವರನ್ನು ಬಿಡುವುದಿಲ್ಲ.

ಅಗತ್ತಿಗೆ ಮಂಗಳೂರೇ ಹತ್ತಿರ ಅಂತ ಯಾರೋ ಹೇಳಿದ್ರು. ಹೌದಾ?

ನೇರ ಗೆರೆಯಲ್ಲಿ ಹೌದು. ಅಗತ್ತಿಯಿಂದ ಮಂಗಳೂರು ನಿಲ್ದಾಣಕ್ಕೆ ಸುಮಾರು 379 ಕಿಮೀ, ಕಣ್ಣೂರಿಗೆ 387, ಕೊಚ್ಚಿಗೆ 468. ಕೊಚ್ಚಿ ದಕ್ಷಿಣಕ್ಕೂ ಪೂರ್ವಕ್ಕೂ ಸರಿದಿರುವುದರಿಂದ ಹೀಗೆ. ಕರಾವಳಿಗೂ ಈ ದ್ವೀಪಗಳಿಗೂ ಹಳೆಯ ನಂಟೂ ಇದೆ. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ಇರುವ ಅಮಿನ್‌ದಿವಿ ಗುಂಪು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಅಗತ್ತಿ ಇದ್ದದ್ದು ಮಲಬಾರ್ ಕಡೆಗೆ. ಇವತ್ತಿಗೂ ಸರಕಿನ ವ್ಯಾಪಾರದಲ್ಲಿ ಮಂಗಳೂರಿನ ಬಂದರಿಗೆ ಪಾಲಿದೆ. ಆದರೆ ಪ್ರಯಾಣಿಕರ ವಿಮಾನ, ಹಡಗು, ಆಡಳಿತದ ಕಚೇರಿ ಎಲ್ಲ ಕೊಚ್ಚಿಯ ಸುತ್ತ ಬೆಳೆದಿವೆ. ಹತ್ತಿರ ಇದ್ದ ಮಾತ್ರಕ್ಕೆ ಹಾದಿ ಆಗುವುದಿಲ್ಲ.

ಹಡಗಲ್ಲಿ ಹೋದ್ರೆ ಹೇಗೆ?

ಈ ದ್ವೀಪದಿಂದ ಆ ದ್ವೀಪಕ್ಕೆ ಪ್ರಯಾಣಿಕರ ಹಡಗು ಇಲ್ಲ. ಪೋರ್ಟ್ ಬ್ಲೇರ್‌ನಿಂದ ಚೆನ್ನೈಗೆ ಹಡಗಿನಲ್ಲಿ ಎರಡೂವರೆ ದಿನದ ಹತ್ತಿರ. ಅಲ್ಲಿಂದ ರಾತ್ರಿ ರೈಲು ಹತ್ತಿ ಎರ್ನಾಕುಲಂ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ದ್ವೀಪ ನೋಡಿಕೊಂಡು 14ರಿಂದ 18 ಗಂಟೆ. ಹಡಗು ದಿನಾ ಇರುವುದಿಲ್ಲವಾದ್ದರಿಂದ ಕಾಯುವುದನ್ನು ಸೇರಿಸಿದರೆ ವಾರ ಮೀರಬಹುದು. ಸ್ವಂತ ಹಡಗೇ ಇದ್ದರೂ ನೇರ ಹೋಗಲು ಆಗದು. ಶ್ರೀಲಂಕಾ ಮತ್ತು ತಮಿಳುನಾಡಿನ ನಡುವೆ ರಾಮಸೇತುವಿನ ಹತ್ತಿರ ನೀರು ತೀರಾ ಆಳವಿಲ್ಲ. ದೊಡ್ಡ ಹಡಗು ಶ್ರೀಲಂಕಾವನ್ನು ದಕ್ಷಿಣದಿಂದ ಸುತ್ತಿಯೇ ಬರಬೇಕು. ಆಗ ದೂರ ಎರಡೂವರೆ ಸಾವಿರ ಕಿಮೀ ದಾಟುತ್ತದೆ.

ಎರಡೂ ಕಡೆಗೆ ಯಾವ ತಿಂಗಳು ಒಳ್ಳೇದು?

ಜನವರಿಯಿಂದ ಮಾರ್ಚ್. ಮುಂಗಾರು ಅಂಡಮಾನನ್ನು ಮೇ ತಿಂಗಳ ನಡುವಿಗೇ ಮುಟ್ಟುತ್ತದೆ. ಲಕ್ಷದ್ವೀಪಕ್ಕೆ ಜೂನ್ ಶುರುವಿಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಕಡೆಯೂ ಮಳೆ, ಗಾಳಿ. ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತಗಳು ಏಳುತ್ತವೆ. 2017ರ ನವೆಂಬರ್ ಕೊನೆಗೆ ಎದ್ದ ಒಖಿ ಚಂಡಮಾರುತ ಡಿಸೆಂಬರ್ ಶುರುವಿನಲ್ಲಿ ಲಕ್ಷದ್ವೀಪಕ್ಕೇ ಬಡಿಯಿತು. ರಜೆ ಮಳೆಗಾಲದಲ್ಲೇ ಸಿಗುವುದಾದರೆ ಒಂದೇ ದ್ವೀಪ ಆರಿಸಿಕೊಳ್ಳಿ.

ಲಗೇಜ್ ಎಷ್ಟು ಒಯ್ಯಬಹುದು?

ಪೋರ್ಟ್ ಬ್ಲೇರ್‌ಗೆ ಹೋಗುವ ವಿಮಾನದ ಮಿತಿ ಒಂದು, ಅಗತ್ತಿಗೆ ಹೋಗುವ ಚಿಕ್ಕ ವಿಮಾನದ್ದು ಇನ್ನೊಂದು ಇರಬಹುದು. ಕಡಿಮೆ ಯಾವುದೋ ಅದಕ್ಕೆ ಹೊಂದಿಸಿಕೊಂಡು ಕಟ್ಟಿ. ಅಗತ್ತಿಯ ವಿಮಾನದಲ್ಲಿ ಪ್ರತಿ ಕಿಲೋಗೂ ಲೆಕ್ಕ ಇದೆ. ತಲೆಯ ಮೇಲಿನ ಗೂಡುಗಳೂ ಚಿಕ್ಕವು, ಗಾಲಿ ಇರುವ ಪೆಟ್ಟಿಗೆ ಅದರಲ್ಲಿ ಕೂರುವುದು ಕಷ್ಟ. ಎರಡು ದ್ವೀಪಗಳ ನಡುವೆ ಬೆಂಗಳೂರಿನಲ್ಲಿ ಮನೆಯೋ ನೆಂಟರೋ ಇದ್ದರೆ ಅಂಡಮಾನಿನ ಸಾಮಾನು ಅಲ್ಲೇ ಬಿಟ್ಟು ಹೋಗಿ. ಇನ್ನೊಂದು ಮಾತು: ಹವಳದ ತುಂಡು, ಚಿಪ್ಪು ಆಯ್ದು ತರಬೇಡಿ. ಹವಳ ಕಾನೂನಿನ ರಕ್ಷಣೆಯಲ್ಲಿದೆ, ತಪಾಸಣೆಯಲ್ಲಿ ಸಿಕ್ಕಿಬೀಳುತ್ತೀರಿ.

## ಸ್ವಲ್ಪ ಆಳಕ್ಕೆ ಇಳಿದರೆ

ಈ ದೂರವನ್ನ ನಾನೇ ಲೆಕ್ಕ ಹಾಕೋದು ಹೇಗೆ?

ಈ ಎರಡು ನಿಲ್ದಾಣಗಳಿಗೆ ಪೆನ್ನು, ಕಾಗದ ಸಾಕು. ಪೋರ್ಟ್ ಬ್ಲೇರ್ 11.64 ಡಿಗ್ರಿ ಉತ್ತರ, 92.73 ಪೂರ್ವ. ಅಗತ್ತಿ 10.82 ಉತ್ತರ, 72.18 ಪೂರ್ವ. ಅಂದರೆ ಎರಡೂ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದಲ್ಲಿವೆ.

ಸಮಭಾಜಕದ ಮೇಲೆ ಒಂದು ಡಿಗ್ರಿ ರೇಖಾಂಶ ಅಂದರೆ 111.3 ಕಿಮೀ. ಉತ್ತರಕ್ಕೆ ಹೋದ ಹಾಗೆ ಅದು ಕಡಿಮೆಯಾಗುತ್ತದೆ. 11 ಡಿಗ್ರಿಯ ಹತ್ತಿರ 109.2 ಕಿಮೀ. ಈಗ 20.55ನ್ನು 109.2ರಿಂದ ಗುಣಿಸಿ. 2,244 ಬರುತ್ತದೆ. ಉತ್ತರ–ದಕ್ಷಿಣದ ಅಂತರ 0.82 ಡಿಗ್ರಿ, ಅಂದರೆ 91 ಕಿಮೀ. ಪೈಥಾಗೊರಸ್ ಸೂತ್ರ ಹಾಕಿದರೆ ಈ 91ರಿಂದ ಒಟ್ಟು ದೂರಕ್ಕೆ ಎರಡು ಕಿಮೀ ಕೂಡ ಸೇರುವುದಿಲ್ಲ. ಹೈಸ್ಕೂಲ್ ಮಕ್ಕಳ ಕೈಯಲ್ಲಿ ಮಾಡಿಸಲು ಒಳ್ಳೆಯ ಲೆಕ್ಕ ಇದು. ದಿಲ್ಲಿ–ಲಂಡನ್ ತರಹದ ಹಾದಿಗೆ ಮಾತ್ರ ಈ ಸುಲಭದ ದಾರಿ ನಡೆಯುವುದಿಲ್ಲ. ಅಲ್ಲಿ ಗೋಳದ ತ್ರಿಕೋನಮಿತಿ ಬೇಕು.

ಒಂದು ಸೈಟಲ್ಲಿ 2,245, ಇನ್ನೊಂದರಲ್ಲಿ 1,395, ಮತ್ತೊಂದರಲ್ಲಿ 1,212 ಅಂತಿದೆ. ಯಾವುದು ಸರಿ?

ಮೂರೂ ಸರಿ. ಮೊದಲನೆಯದು ಕಿಲೋಮೀಟರ್, ಎರಡನೆಯದು ಮೈಲಿ, ಮೂರನೆಯದು ನಾಟಿಕಲ್ ಮೈಲಿ. ಪೈಲಟ್‌ಗಳು, ನಾವಿಕರು ಬಳಸುವುದು ಮೂರನೆಯದನ್ನು. ಒಂದು ನಾಟಿಕಲ್ ಮೈಲಿ ಅಂದರೆ 1.852 ಕಿಮೀ. ಒಂದೇ ಅಳತೆಯಲ್ಲೂ ಎರಡು ಮೂರು ಕಿಮೀ ವ್ಯತ್ಯಾಸ ಕಂಡರೆ ಕಾರಣ ಬೇರೆ. ಕೆಲವರು ಭೂಮಿಯನ್ನು ಪೂರ್ತಿ ಗುಂಡಗೆ ಅಂತ ಹಿಡಿಯುತ್ತಾರೆ, ಕೆಲವರು ಧ್ರುವಗಳ ಹತ್ತಿರ ಸ್ವಲ್ಪ ಚಪ್ಪಟೆಯಾಗಿರುವುದನ್ನೂ ಲೆಕ್ಕಕ್ಕೆ ತಗೊಳ್ಳುತ್ತಾರೆ.

ನೇರ ಗೆರೆ ಎಳೆದರೆ ಯಾವ ಊರುಗಳ ಮೇಲೆ ಹೋಗುತ್ತೆ? ಕರ್ನಾಟಕ ಸಿಗುತ್ತಾ?

ಕರ್ನಾಟಕ ಸಿಗುವುದಿಲ್ಲ, ಸ್ವಲ್ಪದರಲ್ಲಿ ತಪ್ಪಿಹೋಗುತ್ತದೆ. ಪೋರ್ಟ್ ಬ್ಲೇರ್ ಬಿಟ್ಟ ಗೆರೆ ಸಾವಿರದ ನಾನೂರು ಕಿಮೀ ಬರೀ ನೀರಿನ ಮೇಲೆ ಹೋಗಿ ತಮಿಳುನಾಡಿನಲ್ಲಿ ಚಿದಂಬರಂನ ಸ್ವಲ್ಪ ದಕ್ಷಿಣಕ್ಕೆ ದಡ ಮುಟ್ಟುತ್ತದೆ. ತಿರುಚ್ಚಿಯ ಉತ್ತರಕ್ಕೆ, ಆಮೇಲೆ ಕೊಯಮತ್ತೂರಿನ ಪಕ್ಕದಲ್ಲೇ ಹಾದು ಕೋಳಿಕ್ಕೋಡಿನ ಸ್ವಲ್ಪ ದಕ್ಷಿಣದಲ್ಲಿ ಅರಬ್ಬೀ ಸಮುದ್ರಕ್ಕೆ ಇಳಿಯುತ್ತದೆ. ನಮ್ಮ ಚಾಮರಾಜನಗರ ಜಿಲ್ಲೆಯ ತೆಂಕಣ ತುದಿ ಈ ಗೆರೆಗಿಂತ ಸುಮಾರು ಐವತ್ತು ಕಿಮೀ ಮೇಲಿದೆ. ನೆಲದ ಮೇಲೆ ಹೋಗುವುದು ನಾನೂರು ಚಿಲ್ಲರೆ ಕಿಮೀ ಮಾತ್ರ, ಉಳಿದ ಐದರಲ್ಲಿ ನಾಲ್ಕು ಪಾಲು ಸಮುದ್ರ.

ಇಷ್ಟೆಲ್ಲ ಪ್ರವಾಸಿಗರು ಇದ್ದಾರೆ. ಆದ್ರೂ ಯಾಕೆ ಒಂದು ನೇರ ವಿಮಾನ ಬಿಡಲ್ಲ?

ಅಗತ್ತಿಯಲ್ಲಿ ಇಳಿಯಬಲ್ಲ ವಿಮಾನಕ್ಕೆ ಅಷ್ಟು ದೂರ ಹಾರಲು ಆಗದು. ಅಷ್ಟು ದೂರ ಹಾರಬಲ್ಲ ವಿಮಾನಕ್ಕೆ ಅಗತ್ತಿಯಲ್ಲಿ ಇಳಿಯಲು ಆಗದು. ಬೇರೆ ಎಲ್ಲ ಕಾರಣ ಇದರ ನಂತರದ್ದು.

ಅಗತ್ತಿ ದ್ವೀಪ ಉದ್ದಕ್ಕೆ ಆರೇಳು ಕಿಮೀ. ಅಗಲ ಹೆಚ್ಚೆಂದರೆ ಒಂದು ಕಿಮೀ. ತೆಂಕಣ ತುದಿಗೆ ಹೋದ ಹಾಗೆ ಅದು ಇನ್ನೂ ಕಿರಿದಾಗುತ್ತದೆ, ಅಲ್ಲೇ ನಿಲ್ದಾಣ ಇರುವುದು. ಮೇಲಿಂದ ನೋಡಿದರೆ ಹಸಿರು ನೀಲಿ ನೀರಿನಲ್ಲಿ ಟೇಪು ಬಿಚ್ಚಿ ಹಾಸಿದ ಹಾಗೆ ಕಾಣುತ್ತದೆ. ಇದು ಶುರುವಾದದ್ದು 1988ರಲ್ಲಿ, ಡಾರ್ನಿಯರ್ 228 ತರಹದ ಪುಟ್ಟ ವಿಮಾನಗಳಿಗಾಗಿ. ರನ್‌ವೇ ಸುಮಾರು 1,200 ಮೀಟರ್. ಪೋರ್ಟ್ ಬ್ಲೇರ್‌ನದ್ದು 3,290 ಮೀಟರ್, ಬೆಂಗಳೂರಿನದ್ದು 4,000. ಏರ್‌ಬಸ್ ಎ320, ಬೋಯಿಂಗ್ 737 ತರಹದ ಜೆಟ್‌ಗಳು ಜನ ತುಂಬಿಕೊಂಡು ಏರಲು ಸಾಮಾನ್ಯವಾಗಿ ಎರಡು ಸಾವಿರ ಮೀಟರ್ ಆಸುಪಾಸು ಬೇಕು. ಹಾಗಾಗಿ ಅಗತ್ತಿಗೆ ಬರುವುದು ಎಟಿಆರ್‌ನಂಥ, ರೆಕ್ಕೆಗಳಲ್ಲಿ ಪಂಖ ಇರುವ ಚಿಕ್ಕ ವಿಮಾನಗಳು. ಅವೂ ಎಷ್ಟೋ ಸಲ ಎಲ್ಲ ಸೀಟು ತುಂಬಿಸದೆ, ತೂಕ ಕಡಿಮೆ ಮಾಡಿಕೊಂಡು ಹಾರುತ್ತವೆ.

ಎಟಿಆರ್ 72 ತುಂಬಿದ ಸೀಟುಗಳೊಂದಿಗೆ ಹಾರುವುದು ಒಂದೂವರೆ ಸಾವಿರ ಕಿಮೀ ಆಸುಪಾಸು. ಪೋರ್ಟ್ ಬ್ಲೇರ್ ಇರುವುದು 2,245ರಲ್ಲಿ. ಜನರನ್ನು ಇಳಿಸಿ ಆ ತೂಕಕ್ಕೆ ಇಂಧನ ತುಂಬಿಕೊಂಡು ಹಾರಿದರೂ ಗಂಟೆಗೆ 500 ಕಿಮೀ ವೇಗದಲ್ಲಿ ನಾಲ್ಕೂವರೆ ಗಂಟೆ ಮೀರುತ್ತದೆ, ಟಿಕೆಟ್ ಬೆಲೆ ಯಾರಿಗೂ ಎಟುಕದು. ಯಾವ ವಿಮಾನ ಸಂಸ್ಥೆಯನ್ನೂ ಇದಕ್ಕೆ ದೂರುವ ಹಾಗಿಲ್ಲ.

ಹೋಗುವಾಗ ಒಂದು ಸಮಯ, ಬರುವಾಗ ಒಂದು ಸಮಯ ತೋರಿಸುತ್ತಲ್ಲ, ಯಾಕೆ?

ಗಾಳಿಯಿಂದ. ವಿಮಾನದ ವೇಗ ಇರುವುದು ಸುತ್ತಲಿನ ಗಾಳಿಗೆ ಹೋಲಿಸಿ. ಗಾಳಿ ಹಿಂದಿನಿಂದ ತಳ್ಳಿದರೆ ನೆಲದ ಮೇಲಿನ ವೇಗ ಹೆಚ್ಚುತ್ತದೆ, ಎದುರಾದರೆ ಇಳಿಯುತ್ತದೆ.

ಉತ್ತರ ಭಾರತದಲ್ಲಿ ಚಳಿಗಾಲದ ಪಶ್ಚಿಮದ ಜೆಟ್ ಗಾಳಿ ಜೋರು. ಇಷ್ಟು ದಕ್ಷಿಣದಲ್ಲಿ ಕಥೆ ಬೇರೆ. ಮುಂಗಾರಿನಲ್ಲಿ ನಮ್ಮ ತಲೆಯ ಮೇಲೆ ಬಹಳ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬಲವಾದ ಗಾಳಿ ಬೀಸುತ್ತದೆ. ಭಾರತದ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ 1950ರ ದಶಕದಲ್ಲಿ ಇದನ್ನು ವಿವರಿಸಿದರು. ಇದರ ತಿರುಳು ಇರುವುದು 14–16 ಕಿಮೀ ಎತ್ತರದಲ್ಲಿ. ಜೆಟ್ ವಿಮಾನಗಳು ಹಾರುವ 10–12 ಕಿಮೀ ಎತ್ತರದಲ್ಲೂ ಅದರ ಸೆಳೆತ ಚೆನ್ನಾಗಿ ತಿಳಿಯುತ್ತದೆ. ಗಂಟೆಗೆ 70 ಕಿಮೀ ಗಾಳಿ ಅಂತ ಇಟ್ಟುಕೊಳ್ಳಿ. ಪೋರ್ಟ್ ಬ್ಲೇರ್‌ನಿಂದ ಬೆಂಗಳೂರಿಗೆ 1,640 ಕಿಮೀಯನ್ನು 900ರ ವೇಗದಲ್ಲಿ 109 ನಿಮಿಷಕ್ಕೆ ದಾಟುತ್ತೀರಿ. ಬೆಂಗಳೂರಿನಿಂದ ಪೋರ್ಟ್ ಬ್ಲೇರ್‌ಗೆ ಹೋಗುವಾಗ 760ರ ವೇಗ, 129 ನಿಮಿಷ. ಇಪ್ಪತ್ತು ನಿಮಿಷದ ವ್ಯತ್ಯಾಸ ಆಯಿತಲ್ಲ.

ಎಟಿಆರ್ ಅಷ್ಟು ಮೇಲೆ ಹೋಗುವುದಿಲ್ಲ. ಬಹಳ ಸಲ ಐದಾರು ಕಿಮೀ ಎತ್ತರದಲ್ಲೇ ಇರುತ್ತದೆ. ಮಳೆಗಾಲದಲ್ಲಿ ಕೆಳಗಿನ ಪದರದ ಗಾಳಿ ಪಶ್ಚಿಮದಿಂದ ಬರುತ್ತದೆ. ಏರುವಾಗ, ಇಳಿಯುವಾಗ ಅದು ಎದುರಾಗುತ್ತದೆ. ಹೀಗೆ ಒಂದೇ ದಿನ, ಒಂದೇ ದಿಕ್ಕಿಗೆ ಹೊರಟ ಪ್ರಯಾಣದಲ್ಲಿ ಮೊದಲ ವಿಮಾನಕ್ಕೆ ಗಾಳಿ ಬೆನ್ನಿಗೆ, ಎರಡನೆಯದಕ್ಕೆ ಎದೆಗೆ ಬೀಸಬಹುದು.

ದ್ವೀಪದ ಮೇಲೆ ಹೋಗಿ ಇಳಿಯೋಕೆ ಆಗದಿದ್ದರೆ ಏನು ಮಾಡ್ತಾರೆ? ಭಯ ಆಗುತ್ತೆ.

ಭಯ ಬೇಡ. ಇದನ್ನು ಯೋಚಿಸಿಯೇ ಇಂಧನ ತುಂಬಿರುತ್ತಾರೆ. ಪ್ರತಿ ವಿಮಾನವೂ ಇಳಿಯಬೇಕಾದ ನಿಲ್ದಾಣದ ಜೊತೆಗೆ ಬದಲಿ ನಿಲ್ದಾಣ ಒಂದನ್ನು ಗೊತ್ತು ಮಾಡಿಕೊಂಡೇ ಹೊರಡುತ್ತದೆ. ಅಲ್ಲಿಯವರೆಗೆ ಹೋಗಿ ಇನ್ನೂ ಸ್ವಲ್ಪ ಹೊತ್ತು ಸುತ್ತುವಷ್ಟು ಇಂಧನ ಇರಲೇಬೇಕು. ಬೆಂಗಳೂರಿಗೆ ಬರುವ ವಿಮಾನಕ್ಕೆ ಚೆನ್ನೈ ಮುನ್ನೂರು ಕಿಮೀ ಒಳಗೇ ಇದೆ. ದ್ವೀಪಗಳಿಗೆ ಆ ಅನುಕೂಲ ಇಲ್ಲ. ಅಗತ್ತಿಯಿಂದ ತಿರುಗಿದರೆ ಮುಖ್ಯಭೂಮಿಯ ಅತಿ ಹತ್ತಿರದ ನಿಲ್ದಾಣವೂ ನಾನೂರು ಕಿಮೀ ಆಸುಪಾಸು. ಪೋರ್ಟ್ ಬ್ಲೇರ್‌ನಿಂದ ಚೆನ್ನೈ, ಕೋಲ್ಕತ್ತ ಸಾವಿರ ಕಿಮೀ ಮೀರಿದ ದೂರ.

ಅದಕ್ಕೇ ಪೋರ್ಟ್ ಬ್ಲೇರ್‌ನಲ್ಲಿ ಮಳೆಯಿಂದ ರನ್‌ವೇ ಕಾಣದೇ ಹೋದಾಗ ವಿಮಾನ ಅಲ್ಲಿವರೆಗೆ ಹೋಗಿ ಚೆನ್ನೈಗೋ ಕೋಲ್ಕತ್ತಕ್ಕೋ ತಿರುಗಿ ಬಂದ ಸುದ್ದಿ ಓದುತ್ತೀರಿ. ಪ್ರಯಾಣಿಕರಿಗೆ ಅದು ದಿನ ಹಾಳಾದ ಸಂಕಟ, ನಿಜ. ಆದರೆ ಆ ವಿಮಾನ ಮಾಡಬೇಕಾದದ್ದನ್ನೇ ಮಾಡಿರುತ್ತದೆ. ಅಗತ್ತಿಯ ವಿಮಾನದಲ್ಲಿ ಸೀಟು ಖಾಲಿ ಬಿಡುವುದರ ಹಿಂದೆ ಈ ಹೆಚ್ಚುವರಿ ಇಂಧನದ ತೂಕವೂ ಇದೆ. ಮುಂದಿನ ಸಲ ಖಾಲಿ ಸೀಟು ಕಂಡು ನಮಗೆ ಟಿಕೆಟ್ ಕೊಡಲಿಲ್ಲವಲ್ಲ ಅಂತ ಬೇಜಾರಾದರೆ ಇದನ್ನು ನೆನಪಿಸಿಕೊಳ್ಳಿ.

ಅಗತ್ತಿ ರನ್‌ವೇ ಉದ್ದ ಮಾಡಿಬಿಟ್ಟರೆ ನೇರ ವಿಮಾನ ಬರುತ್ತಾ?

ರನ್‌ವೇ ಬೆಳೆಸುವ ಮಾತು ಬಹಳ ಕಾಲದಿಂದ ನಡೆದಿದೆ. ತೊಂದರೆ ಏನಂದರೆ ನೆಲ ಮುಗಿದಿದೆ. ಮುಂದಕ್ಕೆ ಹೋದರೆ ಹವಳದ ದಿಬ್ಬ, ಪಕ್ಕಕ್ಕೆ ಹೋದರೆ ಲಗೂನ್, ಅಂದರೆ ಹವಳದ ದಿಬ್ಬದ ಒಳಗಿನ ಆಳವಿಲ್ಲದ ನೀರು. ಲಗೂನ್ ಮತ್ತು ಹವಳ ಇಲ್ಲದಿದ್ದರೆ ಅಲೆಗಳ ಹೊಡೆತಕ್ಕೆ ಆ ದ್ವೀಪವೇ ಉಳಿಯದು. ಅಗತ್ತಿಯ ಜನರಿಗೆ ಕಾಯಿಲೆಯವರನ್ನು ಬೇಗ ಕೊಚ್ಚಿಗೆ ಸಾಗಿಸಲು ಒಳ್ಳೆಯ ನಿಲ್ದಾಣ ಬೇಕು ಅನ್ನುವುದೂ ಅಷ್ಟೇ ನಿಜ. ತೀರ್ಮಾನದಲ್ಲಿ ಅವರ ಮಾತು ಮೊದಲು ಬರಬೇಕು, ಪ್ರವಾಸಿಗರದ್ದು ಆಮೇಲೆ.

ಉದ್ದ ಮಾಡಿದರೂ ಮೊದಲು ಬರುವುದು ಕೊಚ್ಚಿ, ಬೆಂಗಳೂರು, ಮುಂಬೈ ಕಡೆಯ ದೊಡ್ಡ ವಿಮಾನಗಳು. ದಿನಕ್ಕೆ ನೂರೈವತ್ತು ಜನ ಪೋರ್ಟ್ ಬ್ಲೇರ್‌ನಿಂದ ಅಗತ್ತಿಗೇ ಹೋಗುವವರು ಸಿಗುವುದು ಕಷ್ಟ. ಬೆಂಗಳೂರಿನ ಮೇಲೆ ಹೋದರೆ ಹೆಚ್ಚಾಗುವುದು ಐವತ್ತೇ ಕಿಮೀ ಅಂತ ಆಗಲೇ ನೋಡಿದಿರಿ. ಎರಡು ವಿಮಾನಗಳ ವೇಳೆ ಹೊಂದಿಸಿದರೆ, ಪೋರ್ಟ್ ಬ್ಲೇರ್‌ನಿಂದ ಬೆಳಿಗ್ಗೆ ಬೇಗ ಹೊರಡುವ ವಿಮಾನಕ್ಕೆ ಸರಿಯಾಗಿ ಬೆಂಗಳೂರಿನಿಂದ ಮಧ್ಯಾಹ್ನ ಒಂದು ಎಟಿಆರ್ ಅಗತ್ತಿಗೆ ಹೊರಟರೆ, ಒಂದು ಹಿಡಿ ಹವಳವನ್ನೂ ಮುಟ್ಟದೆ ಈ ಪ್ರಯಾಣ ಎಂಟು ಗಂಟೆಗೆ ಇಳಿಯುತ್ತದೆ. ನಾನಾದರೆ ಕೇಳುವುದು ಅದನ್ನೇ.